ಡೆಲ್ಟಾ ಅಲ್ಲ ಮಾರಾಯ, ಅಳಿವೆ!

ನಮ್ಮ ಭಾವನ ಜೊತೆ ಎಲ್ಲಿಗಾದರೂ ಹೊರಡುವುದೆಂದರೆ, ಕಾರು ಸ್ಟಾರ್ಟ್ ಆಗುವ ಮೊದಲೇ ಒಂದು ಪಿರಿಯಡ್ ಮುಗಿಯಬೇಕು. ಭೂಗೋಳದ ಮಾಷ್ಟ್ರಾಗಿದ್ದವರು. ನಿವೃತ್ತಿಯಾಗಿ ಆರು ವರ್ಷವಾಯಿತು, ಆದರೆ ಅದು ಸಂಬಳಕ್ಕೆ ಮಾತ್ರ ಅನ್ವಯ, ಪಾಠಕ್ಕಲ್ಲ.

ಆ ಭಾನುವಾರ ನಾನು ಬಾಯಿ ತಪ್ಪಿ, "ಬೆಳಿಗ್ಗೆ ಬಾರ್ಕೂರು ನೋಡುವ, ಮಧ್ಯಾಹ್ನ ಹಂಗಾರಕಟ್ಟೆಯಲ್ಲಿ ಬಾರ್ಜ್ ಹತ್ತಿ ಕೋಡಿ ಬೆಂಗ್ರೆಯ ಡೆಲ್ಟಾ ಬೀಚಿಗೆ ಹೋಗುವ" ಅಂದುಬಿಟ್ಟೆ.

"ಡೆಲ್ಟಾ ಅಲ್ಲ ಮಾರಾಯ, ಅಳಿವೆ" ಅಂದರು ಭಾವ, ಚಪ್ಪಲಿಗೆ ಕಾಲು ತೂರಿಸುತ್ತಾ. ಹೊಸ ಚಪ್ಪಲಿ. ಅದರ ಕಥೆ ಮುಂದೆ ಬರುತ್ತದೆ.

"ಎಲ್ಲರೂ ಹಾಗೇ ಹೇಳುವುದಲ್ಲವಾ ಭಾವ?"

"ಎಲ್ಲರಿಗೂ ಹತ್ತನೇ ಕ್ಲಾಸಿನಲ್ಲಿ ಎಷ್ಟು ಮಾರ್ಕು ಬಂದಿತ್ತು? ಡೆಲ್ಟಾ ಬೇಕಾದರೆ ಗೋದಾವರಿಗೆ ಹೋಗು, ಕೃಷ್ಣೆಗೆ ಹೋಗು. ಮಣ್ಣು ಹೊತ್ತು ತಂದು, ಆರಾಮದಲ್ಲಿ ಹರಡಿ, ಕವಲು ಕವಲಾಗಿ ಕಡಲಿಗೆ ಸೇರುವವು ಅವು. ನಮ್ಮ ಹೊಳೆಗಳಿಗೆ ಅಷ್ಟು ಪುರುಸೊತ್ತು ಎಲ್ಲಿ ಉಂಟು? ಘಟ್ಟದಿಂದ ಬಿದ್ದವು, ಓಡಿದವು, ಕಡಲಿಗೆ ಮುಟ್ಟಿದವು."

"ಅಳಿವೆಯೋ ಡೆಲ್ಟಾವೋ, ಬನ್ಸ್ ತಣಿಯುತ್ತದೆ. ಹತ್ತಿ" ಎಂದು ಅಕ್ಕ ಡಬ್ಬಿ ಹಿಡಿದು ಹಿಂದಿನ ಸೀಟಿಗೆ ಹೋದಳು. ಅವಳ ಪಕ್ಕ ನನ್ನ ಹೆಂಡತಿ, ಕಿಟಕಿ ಬದಿಗೆ ಒಂಬತ್ತನೇ ಕ್ಲಾಸಿನ ಅಳಿಯ. ಮುಂದಿನ ಸೀಟು ಯಾವತ್ತೂ ಭಾವನದ್ದೇ. ಕರಿಹಲಗೆಗೆ ಹತ್ತಿರ ಇರಬೇಕಲ್ಲ.

ಉಡುಪಿ ಹತ್ತಿರದ ಈ ಬಾರ್ಕೂರಿನಲ್ಲಿ ಹಿಂದೆ ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವಂತೆ. ಇದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಆಳುಪರ ರಾಜಧಾನಿಯಾಗಿದ್ದ ಊರು, ಆಮೇಲೆ ವಿಜಯನಗರದವರ ಕಾಲದಲ್ಲಿ ಬಾರ್ಕೂರು ರಾಜ್ಯದ ಮುಖ್ಯ ಸ್ಥಳ. ಈಗ ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಕೇರಿಗಳ ಹೆಸರಿನಲ್ಲೇ ಹಳೆಯ ಪಟ್ಟಣವನ್ನು ಹುಡುಕಿಕೊಳ್ಳಬೇಕು. ನಾವು ಹುಡುಕಿದ್ದು ಕತ್ತಲೆ ಬಸದಿಯನ್ನು. ಮೊಬೈಲ್ ಮ್ಯಾಪು ಎಡಕ್ಕೆ ಅಂದರೆ ಭಾವ ಸೂರ್ಯನನ್ನು ನೋಡಿ "ಬಲಕ್ಕೆ, ಅದು ಮೂಡು" ಅನ್ನುತ್ತಿದ್ದರು. ಹೀಗೆ ಒಂದೇ ಮನೆಯ ಎದುರು ಮೂರು ಸಲ ಹಾದೆವು. ಜಗಲಿಯಲ್ಲಿ ಕೂತಿದ್ದ ಅಜ್ಜ ಮೊದಲ ಸಲ ದಾರಿ ಹೇಳಿದರು, ಎರಡನೇ ಸಲ ಸುಮ್ಮನೆ ಕೈ ತೋರಿಸಿದರು, ಮೂರನೇ ಸಲ ಒಳಗೆ ಹೋಗಿ ಬೆಲ್ಲ, ನೀರು ತಂದರು.

ಬಸದಿಯ ಹೆಸರಿಗಷ್ಟೇ ಕತ್ತಲೆ. ಹನ್ನೊಂದು ಗಂಟೆಯ ಬಿಸಿಲಿಗೆ ಅಂಗಳದ ಕಲ್ಲು ಕಾವಲಿಯಾಗಿತ್ತು. "ಹಿಟ್ಟು ತಂದಿದ್ದರೆ ನೀರುದೋಸೆ ಹೊಯ್ಯಬಹುದಿತ್ತು" ಎಂದು ನನ್ನವಳು ಒಂದೊಂದೇ ಕಾಲೆತ್ತಿ ಕುಣಿಯುತ್ತಾ ಕಲ್ಲಿನ ಮಾಡಿನ ನೆರಳಿಗೆ ಓಡಿದಳು. ಅಲ್ಲಿ ನನಗೆ ಹುಮ್ಮಸ್ಸು ಬಂತು. ಭೂಗೋಳ ಭಾವನದ್ದಾದರೆ ಚರಿತ್ರೆಯಾದರೂ ನನ್ನದಾಗಲಿ ಎಂದು ಅಳಿಯನಿಗೆ ಭೂತಾಳಪಾಂಡ್ಯನ ಕಥೆ ಶುರುಮಾಡಿದೆ. ರಾಜ ಹಡಗು ಕಟ್ಟಿಸಿದ್ದು, ಕುಂಡೋದರ ಎಂಬ ಭೂತ ನರಬಲಿ ಕೇಳಿದ್ದು, ರಾಣಿ ತನ್ನ ಮಕ್ಕಳನ್ನು ಕೊಡುವುದಿಲ್ಲವೆಂದದ್ದು, ರಾಜನ ತಂಗಿ ತನ್ನ ಮಗನನ್ನೇ ಕೊಡಲು ಮುಂದೆ ಬಂದದ್ದು, ಭೂತ ಮೆಚ್ಚಿ ಹುಡುಗನನ್ನು ಬಿಟ್ಟದ್ದು, ರಾಜನ ಆಸ್ತಿ ಮಕ್ಕಳಿಗೆ ಹೋಗದೆ ಆ ಅಳಿಯನಿಗೆ ಹೋದದ್ದು. "ನಮ್ಮ ಊರಿನ ಅಳಿಯಸಂತಾನ ಕಟ್ಟು ಶುರುವಾದದ್ದು ಹೀಗಂತೆ" ಎಂದು ಮುಗಿಸಿದೆ.

ಅಳಿಯ ಇಡೀ ದಿನದಲ್ಲಿ ಮೊದಲ ಬಾರಿ ಮೊಬೈಲಿನಿಂದ ತಲೆ ಎತ್ತಿದ.

"ಹಾಗಾದರೆ ಮಾವ, ನಿಮ್ಮ ಕಾರು ನನಗಾ?"

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮಗಳಿಗೆ ಆ ಹೊತ್ತಿಗೆ ಬಿಕ್ಕಳಿಕೆ ಬಂದಿರಬೇಕು. ನನ್ನವಳು ನನ್ನನ್ನು ನೋಡಿದ ರೀತಿಗೆ ಕುಂಡೋದರನೂ ಹಡಗು ಬಿಟ್ಟು ಓಡುತ್ತಿದ್ದ. ಅಕ್ಕ ಮಾತ್ರ, "ಬಲಿಗೆ ಬೇಕಾದರೆ ಇವನನ್ನು ಈಗಲೇ ಕೊಡುತ್ತೇನೆ, ಆಸ್ತಿ ಕೊಡದಿದ್ದರೂ ಅಡ್ಡಿಯಿಲ್ಲ" ಎಂದಳು.

ಹಂಗಾರಕಟ್ಟೆಗೆ ಮುಟ್ಟುವಾಗ ಬಾರ್ಜ್ ಹೊಳೆಯ ನಟ್ಟನಡುವೆ ಇತ್ತು. ಅದರ ಬೆನ್ನು ನಮ್ಮ ಕಡೆಗೆ. "ಹ್ವಾಯ್, ಈಗಷ್ಟೇ ಹೋಯ್ತ್ ಕಾಣಿ" ಎಂದು ದಡದಲ್ಲಿದ್ದವರೊಬ್ಬರು ಸಮಾಧಾನ ಹೇಳಿದರು. ಬೀಚಿನಲ್ಲಿ ಕಡಲು ನೋಡುತ್ತಾ ತಿನ್ನಲಿಕ್ಕೆಂದು ಇಟ್ಟಿದ್ದ ಬನ್ಸ್ ಅಲ್ಲೇ ಖರ್ಚಾಯಿತು. ಬಾರ್ಜ್ ಬಂತು, ಕಾರು ಹತ್ತಿಸಿದೆ. ಎರಡು ಬೈಕು, ಒಂದು ಮೀನಿನ ಬುಟ್ಟಿ ಮತ್ತು ನನ್ನ ಬಂಪರಿನ ನಡುವೆ ಒಂದು ಗೇಣು ಜಾಗ. ಇನ್ನೊಂದು ದಡ ಬರುವವರೆಗೆ ಉಸಿರು ಬಿಟ್ಟಿಲ್ಲ. ಹಾಗಾಗಿ ಹೊಳೆ ಚೆಂದ ಉಂಟೋ ಇಲ್ಲವೋ ನನ್ನನ್ನು ಕೇಳಬೇಡಿ.

ಕೋಡಿ ಬೆಂಗ್ರೆ ಮಾತ್ರ ನಿಜವಾಗಿ ಚೆಂದ. ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಕೋಲಿನಂತೆ ಉದ್ದಕ್ಕೆ ಮಲಗಿದ ನೆಲ. ಅದರ ಮೇಲೇ ಮನೆ, ತೆಂಗು, ಒಣಗಲು ಹರಡಿದ ಮೀನು. ತುದಿಯಲ್ಲಿ ಸ್ವರ್ಣೆ, ಸೀತೆ ಎರಡೂ ಸೇರಿ ಕಡಲಿಗೆ ಇಳಿಯುತ್ತವೆ. ಕಾರನ್ನು ಒಂದು ತೆಂಗಿನ ನೆರಳಿಗೆ ನಿಲ್ಲಿಸಿ, ಹೊಳೆ ಬದಿಯ ಮರಳಿನಲ್ಲಿ ಚಪ್ಪಲಿ ಬಿಟ್ಟು, ನೀರಿಗೆ ಕಾಲಿಟ್ಟೆವು.

ಭಾವ ಕಡಲಿಗೆ ಬೆನ್ನು ಹಾಕಿ ನಿಂತರು. ಅಂದರೆ ಪಾಠ.

"ಅಳಿವೆಯ ಲಕ್ಷಣ ಏನು? ಇಳಿತ ಇದ್ದಾಗ ಹೊಳೆ ಕಡಲಿಗೆ ಹೋಗುತ್ತದೆ. ಭರತ ಬಂದಾಗ ಕಡಲೇ ಹೊಳೆಯೊಳಗೆ ನುಗ್ಗುತ್ತದೆ. ಉಪ್ಪುನೀರು ಮೇಲಕ್ಕೆ..."

"ಅಪ್ಪಾ, ಚಪ್ಪಲಿ" ಅಂದ ಅಳಿಯ.

"ನಡುವೆ ಮಾತಾಡಬೇಡ. ಉಪ್ಪುನೀರು ಮೇಲಕ್ಕೆ ಎಷ್ಟೋ ದೂರ..."

ಹೊಸ ಚಪ್ಪಲಿ ಒಂದು ಆಗಲೇ ಹತ್ತು ಮಾರು ದೂರದಲ್ಲಿ ತೇಲುತ್ತಿತ್ತು. ನಾನು, ಅಕ್ಕ ಇಬ್ಬರೂ ಕಡಲಿನ ಕಡೆಗೆ ಓಡಿದೆವು. ಹೊಳೆಗೆ ಬಿದ್ದದ್ದು ಕಡಲಿಗೆ ಹೋಗಬೇಕಲ್ಲ, ಅಡ್ಡಗಟ್ಟಿ ಹಿಡಿಯುವ ಎಂದು. ಚಪ್ಪಲಿ ನಿಧಾನಕ್ಕೆ ನಮಗೆ ಬೆನ್ನು ತೋರಿಸಿ, ಹೊಳೆಯ ಮೇಲಕ್ಕೆ, ಬಾರ್ಕೂರಿನ ದಿಕ್ಕಿಗೆ ಹೊರಟಿತು.

ಭಾವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅಕ್ಕನ ಮದುವೆಯಲ್ಲೂ ನೋಡಿಲ್ಲ.

"ನೋಡಿದೆಯಾ! ಮೇಲಕ್ಕೆ ಹೋಗ್ತಾ ಉಂಟು! ಭರತ!" ಎಂದು ಉಳಿದ ಒಂದು ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಹಿಡಿದು ಕೂಗಿದರು. ಇಡೀ ಸರ್ವಿಸಿನಲ್ಲಿ ಇಷ್ಟು ಒಳ್ಳೆಯ ಪಾಠೋಪಕರಣ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

"ಎಂಟುನೂರು ರೂಪಾಯಿಯ ಭರತ" ಎಂದಳು ಅಕ್ಕ.

ಇನ್ನು ಹೊರಡುವ ಎಂದು ಕಾರಿಗೆ ಬಂದರೆ, ನಾನು ನೆರಳು ನೋಡಿದ್ದೆ, ನೆಲ ನೋಡಿರಲಿಲ್ಲ. ಚಕ್ರ ಒಂದು ಸುತ್ತು ತಿರುಗಿ ಮರಳಿಗೆ ಇಳಿಯಿತು. ಇನ್ನಷ್ಟು ಒತ್ತಿದೆ, ಇನ್ನಷ್ಟು ಇಳಿಯಿತು. ಬಲೆ ಸರಿಮಾಡುತ್ತಿದ್ದ ನಾಲ್ಕು ಹುಡುಗರು "ರೈಸ್ ಮಾಡ್ಬೇಡಿ ಮಾರ್ರೆ!" ಎಂದು ಓಡಿಬಂದರು. ಒಬ್ಬ ಟಯರಿನ ಗಾಳಿ ಸ್ವಲ್ಪ ಬಿಟ್ಟ, ಇಬ್ಬರು ತೆಂಗಿನ ಒಣ ಮಡಲು ತಂದು ಚಕ್ರದಡಿಗೆ ತುರುಕಿದರು, ಮತ್ತೊಬ್ಬ ನನ್ನನ್ನು ವಿನಯದಿಂದ ಡ್ರೈವರ್ ಸೀಟಿನಿಂದ ಇಳಿಸಿ ತಾನು ಕೂತ. ಇದು ಅವರಿಗೆ ಪ್ರತಿ ಭಾನುವಾರದ ಕೆಲಸವೆಂದು ಆ ಚುರುಕಿನಲ್ಲೇ ಗೊತ್ತಾಯಿತು. ದೂಡುತ್ತಾ ದೂಡುತ್ತಾ ಒಬ್ಬ ಕೇಳಿದ, "ಡೆಲ್ಟಾ ಕಾಂಬುಕೆ ಬಂದದ್ದಾ?"

ಹಿಂದಿನಿಂದ, ಡಿಕ್ಕಿಗೆ ಹೆಗಲು ಕೊಟ್ಟಿದ್ದ ಬರಿಗಾಲಿನ ಭಾವನ ಏದುಸಿರಿನ ಸ್ವರ ಬಂತು. "ಅಳಿವೆ!"

ಬಾರ್ಜಿನ ಸಹವಾಸ ಬೇಡವೆಂದು ಹೂಡೆ, ಕೆಮ್ಮಣ್ಣು ದಾರಿಯಲ್ಲಿ ಉಡುಪಿಗೆ ತಿರುಗಿದೆವು. ಕಾರಿನೊಳಗೆ ಒಂದು ಬುಟ್ಟಿ ಮರಳು, ಗಾಳಿ ಕಡಿಮೆಯಾದ ಟಯರು, ಎಲ್ಲಿಂದಲೋ ಬರುತ್ತಿದ್ದ ಕಟಕಟ ಸದ್ದು, ಡ್ಯಾಶ್‌ಬೋರ್ಡಿನ ಮೇಲೆ ಒಂಟಿ ಚಪ್ಪಲಿ. ಸಂತೆಕಟ್ಟೆ ಬರುವವರೆಗೆ ಯಾರೂ ಮಾತಾಡಲಿಲ್ಲ. ಅಲ್ಲಿ ಹಿಂದಿನ ಸೀಟಿನಿಂದ ಅಳಿಯ ನನ್ನ ಹೆಗಲು ಮುಟ್ಟಿದ.

"ಮಾವ, ಕಾರು ಬೆಂಗಳೂರಿನ ಅಕ್ಕನಿಗೇ ಇರಲಿ."