ಟೋಕನ್ ಕೊಡುವ ಮೊದಲು ಜನ ಸೇರಿಸಿ

"ನಾಳೆ ಟೋಕನ್ ಕೊಡ್ತಿದ್ದೀವಿ, ಲಾಯರ್‌ಗೆ ಆಮೇಲೆ ತೋರಿಸ್ತೀವಿ" ಎಂದು ಯಾರಾದರೂ ಹೇಳಿದರೆ ನನ್ನ ಎದೆ ಧಸಕ್ ಎನ್ನುತ್ತದೆ. ಟೋಕನ್ ಅಂದರೆ ಸೈಟ್ ಹಿಡಿದಿಡಲು ಮೊದಲೇ ಕೊಡುವ ಅಡ್ವಾನ್ಸ್. ಈ ತಿಂಗಳು ಇಬ್ಬರು ಸ್ನೇಹಿತರು ಇದೇ ಮಾತು ಹೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ, ಭಾವ, ನಾನು ಸೇರಿ ಕೆಂಗೇರಿ ಆಚೆ ಒಂದು 40×60 ಸೈಟ್ ತಗೊಂಡು ನಾಲ್ಕು ಮನೆ ಕಟ್ಟೋಣ ಅಂದುಕೊಂಡೆವು. ಎರಡು ನಮಗೆ, ಎರಡು ಮಾರುವುದಕ್ಕೆ. ಬ್ರೋಕರ್ ತಂದುಕೊಟ್ಟ ಫೈಲಿನಲ್ಲಿ ಖಾತಾ ಇತ್ತು, ಕಂದಾಯ ಕಟ್ಟಿದ ರಸೀದಿ ಇತ್ತು, ಇಸಿ (ಋಣಭಾರ ಪತ್ರ) ಕ್ಲೀನ್ ಇತ್ತು. ವಾಸ್ತು ತೋರಿಸಲು ಎರಡು ಸಲ ಹೋಗಿ ಬಂದೆವು. "ಇನ್ನೊಂದು ಪಾರ್ಟಿ ರೆಡಿ ಇದೆ" ಎಂದ ಕೂಡಲೇ 2 ಲಕ್ಷ ಕೊಟ್ಟೆವು. ಫೈಲು ವಕೀಲರ ಕೈಗೆ ಹೋಗಿದ್ದು ಅದಾದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಲಾಯರ್ ಮೇಡಂ ಹತ್ತು ನಿಮಿಷ ಪೇಪರ್ ತಿರುವಿ, 2009ರ ಪಾಲುಪಟ್ಟಿಯೊಂದರ ಕೊನೇ ಹಾಳೆಯ ಮೇಲೆ ಬೆರಳಿಟ್ಟರು. ಮೂವರು ಅಣ್ಣತಮ್ಮಂದಿರ ಸಹಿ ಇತ್ತು. "ಇವರಿಗೆ ಅಕ್ಕತಂಗಿಯರು ಯಾರೂ ಇಲ್ವಾ?" ಎಂದು ಕೇಳಿದರು. ವಂಶವೃಕ್ಷ ತರಿಸಿ ನೋಡಿದರೆ ಇಬ್ಬರು ಇದ್ದರು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆಗಿಹೋದ ವಿಭಾಗವಾಗಿದ್ದರೆ ಬೇರೆ ಮಾತು. 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು: ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು. ಇಸಿಯಲ್ಲಿ ಇದೆಲ್ಲ ಕಾಣುವುದಿಲ್ಲ. ಇಸಿ ನೋಂದಣಿಯಾದ ವ್ಯವಹಾರ ತೋರಿಸುತ್ತದೆ. ಸಹಿ ಹಾಕಬೇಕಿದ್ದು ಹಾಕದೆ ಉಳಿದವರನ್ನು ತೋರಿಸುವುದಿಲ್ಲ.

ಅಡ್ವಾನ್ಸ್ ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು. ದುಡ್ಡಿನ ಚಿಂತೆ ಒಂದು ಕಡೆ. ಆ ಇಬ್ಬರು ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲದೆ ಅವರ ಪಾಲಿನ ಮೇಲೆ ನಾವು ಮನೆ ಕಟ್ಟಲು ಹೊರಟಿದ್ದೆವಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಎರಡನೇ ಸಲ ಮೊದಲು ಜನ ಹುಡುಕಿದೆವು, ಆಮೇಲೆ ಜಾಗ. ಅದೇ ಲಾಯರ್ ಮೇಡಂ, ಒಬ್ಬ ಲೈಸೆನ್ಸ್ ಇರುವ ಸರ್ವೇಯರ್, ಒಬ್ಬ ಇಂಜಿನಿಯರ್, ಒಬ್ಬ ಆಡಿಟರ್. ಬ್ರೋಕರ್ "ನಮ್ಮ ಲಾಯರ್ ಇದ್ದಾರೆ, ಖರ್ಚು ಯಾಕೆ" ಎಂದರು. ಬೇಡ ಎಂದೆವು. ಮಾರುವವರ ಕಡೆಯ ವಕೀಲರು ಎಷ್ಟೇ ಒಳ್ಳೆಯವರಾದರೂ ಅವರು ನಮ್ಮವರಲ್ಲ. ಬ್ಯಾಂಕಿನ ಲೀಗಲ್ ಒಪೀನಿಯನ್ ಕೂಡ ಅಷ್ಟೇ, ಅದು ಬ್ಯಾಂಕಿನ ಸಾಲ ಕಾಯುವುದಕ್ಕೆ. "ಬ್ಯಾಂಕ್ ಲೋನ್ ಕೊಡುತ್ತೆ ಅಂದ್ರೆ ಎಲ್ಲಾ ಕ್ಲಿಯರ್" ಎಂದು ಸುಮ್ನೆ ನಂಬಬೇಡಿ.

ಆ ಎರಡನೇ ಸೈಟಿಗೆ ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಒಟ್ಟಿಗೆ ಕರೆದೆವು. ಸರ್ವೇಯರ್ ಟೇಪ್ ಹಿಡಿದರು. ಮುಂದೆ 40 ಅಡಿ ಸರಿಯಾಗಿತ್ತು, ಹಿಂದೆ ಮೂವತ್ತೇಳೂವರೆ. ಪಕ್ಕದವರ ಕಾಂಪೌಂಡ್ ಒಳಗೆ ಬಂದಿತ್ತು. "ಚೆಕ್ಕುಬಂದಿ ಹೀಗೇ ಬರೆಸಿದರೆ ನಾಳೆ ಜಗಳ ನಿಮ್ಮ ತಲೆಗೆ" ಎಂದರು ಮೇಡಂ. ಅಷ್ಟರಲ್ಲಿ ಇಂಜಿನಿಯರ್ ರಸ್ತೆಗೆ ಟೇಪ್ ಎಳೆದಿದ್ದರು. ಪತ್ರದಲ್ಲಿ 30 ಅಡಿ ರಸ್ತೆ. ನೆಲದ ಮೇಲೆ ಇದ್ದದ್ದು 22. ರಸ್ತೆ ಅಗಲ ಕಡಿಮೆ ಆದರೆ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಕಡಿಮೆಯಾಗಬಹುದು, ಅಂದರೆ ಕಟ್ಟಲು ಸಿಗುವ ಚದರಡಿಯೂ ಕಡಿಮೆ. ಅಲ್ಲೇ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಲೆಕ್ಕ ಹಾಕಿದರು. ನಾಲ್ಕು ಮನೆ ಮೂರಕ್ಕೆ ಇಳಿಯಿತು. ಮಾರುವವರು ಹೇಳಿದ ರೇಟಿಗೆ ಮೂರು ಮನೆ ನಮಗೆ ಗಿಟ್ಟುತ್ತಿರಲಿಲ್ಲ. ಕೈಬಿಟ್ಟೆವು. ಫೀಸು ಎಲ್ಲಾ ಸೇರಿ 30 ಸಾವಿರ ಆಯಿತು. ಅದು ದಂಡವಾಯಿತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

"ಒಂದು ಫ್ಲೋರ್ ಜಾಸ್ತಿ ಎತ್ತಿ, ಆಮೇಲೆ ನೋಡ್ಕೊಂಡ್ರಾಯ್ತು" ಎನ್ನುವವರು ಈಗಲೂ ಇದ್ದಾರೆ. ಓಸಿ (ವಾಸಯೋಗ್ಯ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಂಥ ಧೈರ್ಯ ಬೇಡವೇ ಬೇಡ. ಏನು ಕಟ್ಟಲು ಪ್ಲ್ಯಾನ್ ಸಿಗುತ್ತದೆ ಎಂದು ಜಾಗ ಕೊಳ್ಳುವ ಮೊದಲೇ ಗೊತ್ತಿರಬೇಕು.

ಆಡಿಟರ್ ಆಮೇಲೆ ಸಾಕು ಅಂದುಕೊಂಡಿದ್ದೆ. ಆದರೆ ಯಾರ ಹೆಸರಿಗೆ ಎಷ್ಟು ಪಾಲು, ಮಾರುವ ಮನೆಗೆ ಜಿಎಸ್‌ಟಿ ಬೀಳುತ್ತದಾ, ಇದೆಲ್ಲ ಅಗ್ರಿಮೆಂಟಿಗೆ ಮುಂಚಿನ ಪ್ರಶ್ನೆ. ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರೇ ದುಡ್ಡು ಕೊಡುವಾಗ 1% ತೆರಿಗೆ (ಟಿಡಿಎಸ್) ಹಿಡಿಯಬೇಕು. ಮಾರುವವರು ಎನ್‌ಆರ್‌ಐ ಆಗಿದ್ದರೆ ಆ 1% ಲೆಕ್ಕವೇ ನಡೆಯುವುದಿಲ್ಲ. ಹಿಡಿಯುವುದು ಮರೆತರೆ ಇಲಾಖೆ ಬಂದು ಕೇಳುವುದು ಕೊಂಡವರನ್ನೇ.

ಇನ್ನೊಂದು ಮಾತು. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆ 8ಕ್ಕಿಂತ ಜಾಸ್ತಿ ಇಲ್ಲದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಿಲ್ಲ. ನಮ್ಮಂಥವರು ಇದನ್ನು ಅನುಕೂಲ ಎಂದುಕೊಳ್ಳುತ್ತೇವೆ. ನನಗೆ ಕಾಣುವುದು ಬೇರೆ. ದೊಡ್ಡ ಪ್ರಾಜೆಕ್ಟಿನ ಪೇಪರ್‌ಗಳನ್ನು ರೇರಾ ಆದರೂ ಕೇಳಿ ತರಿಸಿಕೊಳ್ಳುತ್ತದೆ. ನಮ್ಮ 2400 ಚದರಡಿಯನ್ನು ಹಾಗೆ ಕೇಳುವವರು ಈ ನಾಲ್ಕು ಜನ ಮಾತ್ರ.

ಈಗ ಮೂರನೇ ಸೈಟ್ ನೋಡಿದ್ದೇವೆ. ರಸ್ತೆ ಸರಿಯಾಗಿ 30 ಅಡಿ ಇದೆ. ವಂಶವೃಕ್ಷದಲ್ಲಿ ಒಬ್ಬರು ಮಗಳಿದ್ದಾರೆ, ಕ್ರಯಪತ್ರಕ್ಕೆ ಅವರೂ ಬಂದು ಸಹಿ ಹಾಕುತ್ತೇನೆ ಎಂದಿದ್ದಾರೆ. ಈ ಭಾನುವಾರ ಲಾಯರ್ ಮೇಡಂ ಆ ಮಗಳನ್ನು ಭೇಟಿಯಾಗಿ ಮಾತಾಡಲಿದ್ದಾರೆ. ಟೋಕನ್ ಇನ್ನೂ ಕೊಟ್ಟಿಲ್ಲ.