ಎರೆ ಹೊಲದಾಗ ಹದಿನೆಂಟು ಕುಣಿ

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಬರುವುದು ಗ್ಯಾರಂಟಿ, ಎಷ್ಟು ಗಂಟೆಗೆ ಅನ್ನೋದು ಮಾತ್ರ ಗುಟ್ಟು. ಹೋದ ಸಲ ರಾತ್ರಿ ಎರಡೂವರೆಗೆ ಬಂತು. ನಳದಲ್ಲಿ ಮೊದಲು ಬರೀ ಗಾಳಿ ಬರುತ್ತದೆ, ಸುಸ್ಸ್ ಅಂತ. ಆ ಸಪ್ಪಳಕ್ಕೆ ನಮ್ಮ ಮನೆಯವರು ಎಂಥ ನಿದ್ದೆಯಲ್ಲಿದ್ದರೂ ಎದ್ದು ಕೂಡುತ್ತಾರೆ. ಕೂಸುಗಳು ಸಣ್ಣವಿದ್ದಾಗ ಅತ್ತರೂ ಇಷ್ಟು ಚುರುಕಾಗಿ ಎದ್ದಿದ್ದು ನನಗೆ ನೆನಪಿಲ್ಲ.

ಮೋಟರ್ ಹಚ್ಚಿ, ಪೈಪು ಎಳೆದುಕೊಂಡು ಹೊರಗೆ ಬಂದರೆ ಎದುರುಮನೆ ಸಾಹೇಬರು ಗೇಟಿಗೆ ಆತು ನಿಂತಿದ್ದರು. ಅವರೂ ನೀರಿಗೇ ಎದ್ದಿದ್ದಾರೆ ಅಂದುಕೊಂಡೆ. ಅಲ್ಲ. ಅವತ್ತು ಸಂಜೆಯಷ್ಟೇ ಮಾರಿಷಸ್‌ನಿಂದ ಬಂದಿದ್ದರು.

'ನಿದ್ದಿ ಹತ್ತವಲ್ದು ಮಾಸ್ತರ್ರ. ಟೈಮ್ ಡಿಫರೆನ್ಸ್ ನೋಡ್ರಿ.'

ಮಾರಿಷಸ್ ನಮಗಿಂತ ಒಂದೂವರೆ ತಾಸು ಹಿಂದೆ. ನಮ್ಮ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವಷ್ಟು ಹೊತ್ತು. ಅಷ್ಟಕ್ಕೇ ಸಾಹೇಬರ ನಿದ್ದೆ ಕೆಟ್ಟಿತ್ತು. ಎಂಟು ದಿನಕ್ಕೊಮ್ಮೆ ಎರಡೂವರೆಗೆ ಏಳುವ ನಾವು ಯಾವ ದೇಶದ ಟೈಮಿನಲ್ಲಿದ್ದೇವೋ.

ನನ್ನ ಕೈಯಲ್ಲಿನ ಪೈಪು ನೋಡಿ ಅವರಿಗೆ ಏನೋ ನೆನಪಾಯಿತು. 'ಅಲ್ಲೆ ಹುಲ್ಲಿಗೆ ರಾತ್ರಿ ಪೂರಾ ನೀರ್ ಬಿಡ್ತಾರ್ರಿ. ತಾನ ತಿರುಗತೈತಿ, ತಾನ ಚಿಮ್ಮತೈತಿ. ಬೆಳಿಗ್ಗೆ ನೋಡಿದ್ರ ಹುಲ್ಲು ಗಾದಿ ಹಾಸಿದಂಗ ಇರತೈತಿ.'

ನಮ್ಮ ಮನೆಯವರು ಹಂಡೆ ತುಂಬಿಸುತ್ತಲೇ ಅಂದರು: 'ಮುಂದಿನ ಜನ್ಮದಾಗ ಹುಲ್ಲಾಗಿ ಹುಟ್ಟಬೇಕ ನೋಡ್ರಿ. ಅದೂ ಮಾರಿಷಸ್‌ದಾಗ.'

ಸಾಹೇಬರು ಯಾಕೆ ಹೋಗಿದ್ದರು ಅನ್ನೋದನ್ನ ಹೇಳಬೇಕು. ಅವರು ನಿವೃತ್ತ ಕಂತ್ರಾಟದಾರರು. ಮೊಣಕಾಲು ನೋವು. ಡಾಕ್ಟರು 'ದಿನಾ ನಡೀರಿ' ಅಂದಿದ್ದರು. ಉಣಕಲ್ ಕೆರೆ ಇದೆ, ತೋಳನಕೆರೆ ಇದೆ, ನಡೆಯೋಕೆ ಏನು ಕಡಿಮೆ? ಆದರೆ ಸಾಹೇಬರಿಗೆ ಬರೀ ನಡೆಯೋದು ಬೇಸರ. ಹಾಲಿನ ಪಾಕೀಟು ತರಲು ಓಣಿ ತುದಿಗೂ ಕಾರು ತೆಗೆಯುವವರು ಅವರು. ಯಾರೋ ಗೆಳೆಯರು ಹೇಳಿದರು, ಗಾಲ್ಫ್ ಆಡಿದರೆ ಗೊತ್ತಾಗದಂತೆ ಏಳೆಂಟು ಕಿಲೋಮೀಟರ್ ನಡೆದುಬಿಡುತ್ತೀರಿ ಅಂತ. ಸಾಹೇಬರು ಪ್ಯಾಕೇಜು ತಗೊಂಡರು. ಒಂಬತ್ತು ದಿನ, ಐದು ಮೈದಾನ. ಅಲ್ಲಿ ಹೋದ ಮೇಲೆ ಬಿಸಿಲು ಜಾಸ್ತಿ ಅಂತ ಐದೂ ಮೈದಾನದಲ್ಲಿ ಬ್ಯಾಟರಿ ಗಾಡಿ ಹತ್ತಿ ತಿರುಗಿದರು. ಹೀಗೆ ನಡೆಯೋ ಸಲುವಾಗಿ ಸಮುದ್ರ ದಾಟಿ ಹೋಗಿ ಕೂತು ಬಂದರು.

ಒಂದು ಮೈದಾನವಂತೂ ದ್ವೀಪದೊಳಗಿನ ದ್ವೀಪ. ಇಲ್ ಓ ಸೆರ್ಫ್ ಅಂತ. ಸೆರ್ಫ್ ಅಂದರೆ ಜಿಂಕೆ. ಆಟಕ್ಕೆ ದೋಣಿಯಲ್ಲೇ ಹೋಗಬೇಕು. ಜರ್ಮನಿಯ ಆಟಗಾರ ಬರ್ನ್‌ಹಾರ್ಡ್ ಲಾಂಗರ್ ವಿನ್ಯಾಸ ಮಾಡಿದ್ದು, 2003ರಲ್ಲಿ ಶುರುವಾಗಿದ್ದು. ಎಲ್ಲಿ ಹೊಡೆದರೂ ಒಂದು ಕಡೆ ನೀರು ಇರುತ್ತದೆ. ಸಾಹೇಬರು ಎಲ್ಲಿ ಹೊಡೆದರೂ ಚೆಂಡು ಆ ಕಡೆಗೇ ಹೋಗುತ್ತಿತ್ತಂತೆ. ಅವತ್ತು ಒಂದೇ ದಿನ ಹತ್ತೊಂಬತ್ತು ಚೆಂಡು ಹಿಂದೂ ಮಹಾಸಾಗರಕ್ಕೆ ಅರ್ಪಣೆ. ಮರುದಿನ ಆನಾಹಿತಾ, ಅದನ್ನ ದಕ್ಷಿಣ ಆಫ್ರಿಕಾದ ಎರ್ನಿ ಎಲ್ಸ್ ಮಾಡಿದ್ದು. ಆಮೇಲೆ ತಮಾರಿನ್, ಬೆಲ್ ಓಂಬ್ರ್, ಕೊನೆಗೆ ವಾಕೋವಾದ ಜಿಮ್ಖಾನಾ. ಅದು ಬ್ರಿಟಿಷರ ಕಾಲದ್ದು. ಐದರ ಫೋಟೋನೂ ತೋರಿಸಿದರು. ನನಗೆ ಐದರಲ್ಲೂ ಕಂಡಿದ್ದು ಹುಲ್ಲು, ಸಾಹೇಬರ ಟೋಪಿ, ಮತ್ತೆ ಹುಲ್ಲು.

ಆಟದ ಕಾಯ್ದೆ ಕೇಳಿದೆ. ಇದು ನನಗೆ ಬಹಳ ಹಿಡಿಸಿತು. ಹದಿನೆಂಟು ಕುಣಿ ಇರುತ್ತವೆ. ಕುಣಿ ಅಡ್ಡಗಲಕ್ಕೆ ನಾಲ್ಕೂಕಾಲು ಇಂಚು. ಮೊದಲ ಏಟು ಹೊಡೆಯೋ ಜಾಗದಿಂದ ಅಲ್ಲಿತನಕದ ಹುಲ್ಲಿನ ಹಾದಿಗೂ ಕುಣಿ ಅಂತಲೇ ಹೆಸರು. ಪ್ರತಿ ಕುಣಿಗೂ ಇಷ್ಟು ಏಟಿನಲ್ಲಿ ಹಾಕಬೇಕು ಅಂತ ಲೆಕ್ಕ ಇದೆ, ಅದಕ್ಕೆ ಪಾರ್ ಅನ್ನುತ್ತಾರೆ. ಅದಕ್ಕಿಂತ ಒಂದು ಏಟು ಕಡಿಮೆ ಆದರೆ ಬರ್ಡಿ, ಎರಡಾದರೆ ಈಗಲ್, ಮೂರಾದರೆ ಆಲ್ಬಟ್ರಾಸ್. ಹಕ್ಕಿ, ಹದ್ದು, ಅದಕ್ಕೂ ದೊಡ್ಡ ಹಕ್ಕಿ. ಎಲ್ಲಕ್ಕಿಂತ ಕಡಿಮೆ ಅಂಕಿ ಬರೆದವನು ಗೆದ್ದ.

'ಅಂದ್ರ ಟೆಂಡರ್ ಇದ್ದಂಗ?' ಅಂದೆ.

ಸಾಹೇಬರ ಮುಖ ಅರಳಿತು. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲವಂತೆ. ಮೇಲಾಗಿ ಹ್ಯಾಂಡಿಕ್ಯಾಪ್ ಅಂತ ಒಂದು ಇದೆ. ನೀವು ಎಷ್ಟು ಕೆಟ್ಟದಾಗಿ ಆಡುತ್ತೀರೋ ಅಷ್ಟು ಏಟು ನಿಮಗೆ ಮಾಫಿ. ಅಂಕಿ ಬರೆದುಕೊಳ್ಳುವವರೂ ಆಡುವವರೇ. ಅಂಪೈರ್ ಬೆನ್ನಿಗೆ ನಿಂತಿರೋದಿಲ್ಲ. ಕೆಲಸ ಮಾಡಿದವನೇ ಅಳತೆ ಪುಸ್ತಕ ಬರೆದುಕೊಳ್ಳೋದು ಅಂದರೆ ಇದೇ ಅಲ್ವಾ? ಮೂವತ್ತು ವರ್ಷ ಈ ಆಟ ಆಡಿದವರಿಗೆ ಹೊಸದಾಗಿ ಕಲಿಯೋದೇನಿತ್ತು, ಕೋಲು ಹಿಡಿಯೋದೊಂದು ಬಿಟ್ಟು.

ನಮ್ಮ ಅವ್ವ ಕಟ್ಟೆ ಮೇಲೆ ಕೂತು ಎಲ್ಲ ಕೇಳಿದಳು. ಅವಳಿಗೆ ತಿಳಿದಿದ್ದು ಇಷ್ಟು: 'ಇದು ಗೋಲಿ ಆಟಾನ ಅಲ್ಲೇನೋ? ಇದಕ್ಕ ನಿಮ್ಮಪ್ಪ ನಿನಗ ಬೆಲ್ಟ್ ತಗೊಂಡು ಹೊಡೀತಿದ್ದ.' ಹೌದು. ನಮಗೆ ಪುಕ್ಕಟೆ ಏಟು ಬಿದ್ದ ಆಟಕ್ಕೆ ಸಾಹೇಬರು ಲಕ್ಷಗಟ್ಟಲೆ ಕೊಟ್ಟು ಬಂದಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಅದು ಸಾಹೇಬರ ರೊಕ್ಕ, ಸಾಹೇಬರ ಮೊಣಕಾಲು, ನಾನು ಬರೆಯುತ್ತಿರಲಿಲ್ಲ. ಆದರೆ ಹದಿನೈದು ದಿನಕ್ಕೆ ಮನೆಮನೆಗೆ ಒಂದು ಬ್ರೋಷರ್ ಬಂತು. ಒಳ್ಳೆ ದಪ್ಪ ಕಾಗದ, ಉಳ್ಳಾಗಡ್ಡಿ ಹೆಚ್ಚಲು ಬರುವಂಥದ್ದು. ನವಲಗುಂದದ ಹಾದಿಯಲ್ಲಿ ಹೊಸ ಲೇಔಟ್. ಹೆಸರಿನಲ್ಲಿ ಗಾಲ್ಫ್ ಇದೆ, ವ್ಯೂ ಇದೆ. ಮುಖಪುಟದ ಮೇಲೆ ತೆಂಗಿನ ಗಿಡ, ನೀಲಿ ಸಮುದ್ರ, ಹಸಿರು ಗುಡ್ಡ. ತೀರ ಕೆಳಗೆ, ಚಷ್ಮಾ ಹಾಕಿಕೊಂಡರೂ ಕಾಣದ ಅಕ್ಷರದಲ್ಲಿ, 'ಚಿತ್ರ ಕೇವಲ ಸಾಂಕೇತಿಕ'.

'ಸಾಹೇಬ್ರ, ಗಾಲ್ಫ್ ಎಲ್ಲೆ ಬರತೈತ್ರಿ ಇದ್ರಾಗ?'

'ವ್ಯೂ ಕೊಡಾಕತ್ತೀವಲ್ರಿ.'

ಹದಿನೆಂಟು ಕುಣಿಯ ಮೈದಾನಕ್ಕೆ ನೂರಿಪ್ಪತ್ತು ನೂರೈವತ್ತು ಎಕರೆ ಬೇಕು. ಸಾಹೇಬರ ಹತ್ತಿರ ಇದ್ದಿದ್ದು ಏಳೂವರೆ ಎಕರೆ. ಅದರಲ್ಲಿ ಪ್ಲಾಟು, ರಸ್ತೆ, ಒಂದು ಗಣಪತಿ ಗುಡಿ ತೆಗೆದರೆ ಉಳಿಯೋದು ಒಂದು ಕುಣಿಯ ಜಾಗ. 'ಒಂದ ಕುಣಿ ಹದಿನೆಂಟ ಸಲ ಆಡಿದ್ರಾತು' ಅಂದರು. ಹುಬ್ಬಳ್ಳಿಯವರಿಗೆ ಉದ್ದದ್ದು ಹೊಸದಲ್ಲ, ಜಗತ್ತಿನಲ್ಲೇ ಉದ್ದ ಅಂತ ಹೆಸರಾದ 1,507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮದೇ. ಅದರ ಮೇಲೆ ಪಾರ್ ಐದರ, ಅಂದರೆ ಐದು ಏಟಿನ ಉದ್ದನೆಯ, ಮೂರು ಕುಣಿ ಸಾಲಾಗಿ ಕೂಡುತ್ತವೆ. ಇದನ್ನ ಸಾಹೇಬರಿಗೆ ಹೇಳಿಲ್ಲ. ಹೇಳಿದರೆ ಅರ್ಜಿ ಕೊಟ್ಟುಬಿಡುತ್ತಾರೆ.

ಮಾರಿಷಸ್‌ನವರು ಯಾಕೆ ಗಾಲ್ಫಿಗೆ ಬಿದ್ದರು ಅನ್ನೋದಕ್ಕೆ ಒಂದು ಕಥೆ ಇದೆ. ಅದು ಕಬ್ಬಿನ ದ್ವೀಪ. 1834ರಿಂದ ನಮ್ಮ ದೇಶದ ಕೂಲಿಗಳು ಹಡಗು ಹತ್ತಿ ಹೋಗಿ ಕಬ್ಬು ಕಡಿದರು. ಯುರೋಪಿನವರು ಆ ಸಕ್ಕರೆಗೆ ಒಳ್ಳೆ ದರ ಕೊಡುತ್ತಿದ್ದರು. 2006ರಿಂದ 2009ರೊಳಗೆ ಆ ದರವನ್ನ ಶೇಕಡಾ 36ರಷ್ಟು ಇಳಿಸಿದರು. ಅಷ್ಟರಲ್ಲೇ, 2002ರಲ್ಲಿ, ಅಲ್ಲಿನ ಸರಕಾರ ಹೊರದೇಶದವರಿಗೂ ವಿಲ್ಲಾ ಮಾರುವ ಯೋಜನೆ ತಂದಿತ್ತು. ಕಬ್ಬಿನ ನೆಲ ಹಲವು ಕಡೆ ಹುಲ್ಲಿನ ನೆಲ ಆಯಿತು. ಅಜ್ಜಂದಿರು ಕಬ್ಬಿನ ಹೊರೆ ಹೊತ್ತ ಜಾಗಕ್ಕೆ ಈಗ ನಾವು ಹೋಗಿ ನಮ್ಮ ಕೋಲಿನ ಬ್ಯಾಗು ಹೊರಿಸುತ್ತೇವೆ. ಅವರದು ಹೊಟ್ಟೆಪಾಡು. ಹಾಗಂತ ಕಡಲೆ, ಹತ್ತಿ, ಉಳ್ಳಾಗಡ್ಡಿ ಬೆಳೆಯೋ ನಮ್ಮ ಎರೆ ಹೊಲಕ್ಕೆ ಏನು ಬಂದಿತ್ತು ಧಾಡಿ?

ನಾನು ಲೆಕ್ಕದ ಮಾಸ್ತರ, ಸುಮ್ನೆ ಇರೋಕೆ ಆಗಲಿಲ್ಲ. ಬಿಸಿಲೂರಲ್ಲಿ ಒಂದು ಪೂರಾ ಮೈದಾನದ ಹುಲ್ಲು ದಿನಕ್ಕೆ ಹತ್ತು ಲಕ್ಷ ಲೀಟರ್ ಕುಡಿಯೋದು ದೊಡ್ಡ ಮಾತಲ್ಲ. ಪೇಟೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನೋದು ನಮ್ಮ ದೇಶದ ಸರಕಾರಿ ಲೆಕ್ಕ. ಭಾಗಿಸಿದರೆ ಏಳು ಸಾವಿರದ ನಾನೂರು ಮಂದಿ. ಅಂದರೆ ಒಂದೊಂದು ಕುಣಿಯೂ ನಾನೂರು ಮಂದಿಯ ನೀರು ಕುಡಿಯುತ್ತದೆ. ಹಾಗೆ ನೋಡಿದರೆ ಅಲ್ಲಿಯ ಹುಲ್ಲು ನಮ್ಮಷ್ಟು ನಾಜೂಕಲ್ಲ. ಕಡಲಂಚಿನ ಮೈದಾನಗಳಿಗೆ ಉಪ್ಪುನೀರು ತಡೆಯೋ ಜಾತಿಯ ಹುಲ್ಲು ಸಿಗುತ್ತದೆ, ಹಲವು ಕಡೆ ಶುದ್ಧ ಮಾಡಿದ ಗಟಾರ ನೀರನ್ನೂ ಹಾಕುತ್ತಾರೆ. ಸಾಹೇಬರಿಗೆ ಗಟಾರದ ಮಾತು ಹಿಡಿಸಲಿಲ್ಲ. 'ನಮ್ದು ಪ್ರೀಮಿಯಂ ಲೇಔಟ್ ಐತ್ರಿ.'

'ಮತ್ತ ನೀರು?'

'ಕಳಸಾ-ಬಂಡೂರಿ ಬರತೈತಲ್ರಿ!'

ನಾನು ಎರಡು ನಿಮಿಷ ಮಾತಾಡಲಿಲ್ಲ. 2015ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಈ ನೀರಿಗಾಗಿ ಟೆಂಟು ಹಾಕಿ ಕೂತಾಗ ಸಾಹೇಬರೂ ಒಂದು ದಿನ ಹಸಿರು ಶಾಲು ಹೊದ್ದು ಹೋಗಿ ಬಂದಿದ್ದರು. ಅದರ ಫೋಟೋ ಹಾಲ್‌ನಲ್ಲಿ ಇನ್ನೂ ಇದೆ. ಈಗ ಪಕ್ಕದಲ್ಲಿ ಮಾರಿಷಸ್ ಫೋಟೋ ಬಂದಿದೆ. ಮಹದಾಯಿ ನ್ಯಾಯಾಧಿಕರಣ 2018ರಲ್ಲಿ ಈ ಎರಡು ಹಳ್ಳಗಳಿಂದ ಮಲಪ್ರಭಾಕ್ಕೆ 3.9 ಟಿಎಂಸಿ ಅಂದಿತು, ಅದೂ ಕುಡಿಯಲಿಕ್ಕೆ. ಆ ನೀರು ಇನ್ನೂ ಕಾಗದದ ಮೇಲೆಯೇ ಹರಿಯುತ್ತಿದೆ. ಹುಲ್ಲು ಮಾತ್ರ ಈಗಾಗಲೇ ಬಾಯಿ ತೆರೆದು ಕೂತಿದೆ.

ಮೇ ತಿಂಗಳ ಒಂದು ರವಿವಾರ ಲೇಔಟ್ ತೋರಿಸಲು ಗಿರಾಕಿಗಳನ್ನ ಕರೆದರು. ಗಿರಮಿಟ್ಟು, ಮಿರ್ಚಿ, ಚಹಾ. ನಮ್ಮನ್ನೂ ಕರೆದರು, ಮಂದಿ ಜಾಸ್ತಿ ಕಾಣಲಿ ಅಂತ ಇರಬೇಕು. ಹೊಲದ ಮಧ್ಯೆ ಕೆಂಪು ಬಾವುಟ ನೆಟ್ಟಿದ್ದರು, ಅದರ ಬುಡಕ್ಕೆ ಕುಣಿ. ಸಾಹೇಬರು ಬಿಳಿ ಪ್ಯಾಂಟು, ಒಂದೇ ಕೈಗೆ ಗ್ಲೌಸು. ವಾಚ್‌ಮನ್ ಮಗ ಹದಿನಾಲ್ಕು ಕೋಲಿನ ಚೀಲ ಹೊತ್ತು ನಿಂತಿದ್ದ.

ಮೇ ತಿಂಗಳಲ್ಲಿ ಎರೆ ಹೊಲ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ನೆಲ ಒಣಗಿ ಬಿರಿದಿರುತ್ತದೆ. ಕೆಲವು ಬಿರುಕಿನಲ್ಲಿ ಅಂಗೈ ನಿಲ್ಲಿಸಿ ಇಳಿಸಿದರೆ ಮೊಣಕೈತನಕ ಹೋಗುತ್ತದೆ. ಒಳಗೆ ಕೈಗೆ ತಂಪು ಹತ್ತುತ್ತದೆ. ಗಾಲ್ಫ್ ಚೆಂಡು ಅಡ್ಡಗಲಕ್ಕೆ ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ.

ಸಾಹೇಬರು ಸೊಂಟ ತಿರುಗಿಸಿ ಹೊಡೆದರು. ಸುಳ್ಳು ಯಾಕೆ, ಏಟು ಚೆನ್ನಾಗಿತ್ತು. ಚೆಂಡು ಬಾವುಟದ ಹತ್ತಿರವೇ ಬಿತ್ತು, ಎರಡು ಸಲ ಪುಟಿಯಿತು, ಉರುಳಿತು. ಆಮೇಲೆ ಇಲ್ಲ. ಎಲ್ಲರೂ ನೋಡುತ್ತಿದ್ದಂತೆ ಇಲ್ಲ. ಎರಡನೆಯದೂ ಹಾಗೇ. ಮೂರನೆಯದು ಬಿರುಕಿನ ಬಾಯಲ್ಲಿ ಒಂದು ಕ್ಷಣ ತಡೆದು ನಿಂತಿತು, ಒಂದು ಹೆಂಟೆ ಕಳಚಿತು, ಅದರ ಜೊತೆ ಇಳಿಯಿತು. ವಾಚ್‌ಮನ್ ಮಗ ಬೋರಲು ಬಿದ್ದು ಕೈ ಹಾಕಿ ಹುಡುಕಿದ. ಒಂದು ಹಳೇ ಕುಡುಗೋಲಿನ ತುಂಡು ಸಿಕ್ಕಿತು.

ಬದುವಿನ ಮೇಲೆ ಪಕ್ಕದ ಹೊಲದ ಅಜ್ಜ ಒಬ್ಬರು ಎತ್ತು ಹಿಡಿದು ನಿಂತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: 'ಏನ್ ಬಿತ್ತಾಕತ್ತೀರ್ರಿ ಸಾವ್ಕಾರ್ರ?'

ಯಾರೂ ಉತ್ತರ ಕೊಡಲಿಲ್ಲ. ಅಜ್ಜ ಇನ್ನಷ್ಟು ಯೋಚನೆ ಮಾಡಿ ಅಂದರು: 'ರೋಹಿಣಿ ಮಳಿ ಆಗ್ಲಿ ತಡೀರಿ. ಈಗ ಹಾಕಿದ್ರ ಏಳೂದಿಲ್ಲ.'

ಇಷ್ಟಾದರೂ ಪ್ಲಾಟು ಹೋದವು. ಸಮುದ್ರ ಕಾಣುವ ಬದಿಯವು ಮೊದಲು ಹೋದವು ಅಂತ ಸಾಹೇಬರೇ ಹೇಳಿದರು. ಬ್ರೋಷರಿನಲ್ಲಿ ಕಾಣುತ್ತದಲ್ಲ, ಆ ಬದಿ. ನಮ್ಮ ಅಳಿಯನೂ ಒಂದಕ್ಕೆ ಮುಂಗಡ ಕೊಟ್ಟಿದ್ದಾನೆ ಅಂತ ಮೊನ್ನೆ ಗೊತ್ತಾಯಿತು. ಆ ವಿಷಯ ಇಲ್ಲಿ ಬೇಡ.

ಈಗ ಸಾಹೇಬರು ಮನೆ ಮುಂದೆಯೇ ಪ್ರಾಕ್ಟೀಸ್ ಶುರು ಮಾಡಿದ್ದಾರೆ. ಕಾರ್ ನಿಲ್ಲಿಸೋ ಜಾಗ ಒಡೆಸಿ, ಸುರುಳಿ ಸುತ್ತಿದ ಹುಲ್ಲು ತರಿಸಿ ಚಾಪೆಯಂತೆ ಹಾಸಿದರು. ಹತ್ತು ಫೂಟು, ಹನ್ನೆರಡು ಫೂಟು. ನಡುವೆ ಅಲ್ಲಿ ನೋಡಿದಂಥದೇ ತಿರುಗೋ ಕಾರಂಜಿ. ಅದಕ್ಕೆ ವಾರಕ್ಕೆ ಎರಡು ಟ್ಯಾಂಕರ್.

ನಿನ್ನೆ ಸಂಜೆ ಟ್ಯಾಂಕರ್ ಬಂದಾಗ ನಮ್ಮ ಓಣಿಗೆ ನೀರು ಬಂದು ಒಂಬತ್ತನೇ ದಿನ. ಸಾಹೇಬರು ಕಾರಂಜಿ ತಿರುವಿದರು. ಚಿಟಿಚಿಟಿ ಚಿಟಿಚಿಟಿ ಅಂತ ತಿರುಗೋಕೆ ಶುರುವಾಯಿತು. ಮೊದಲು ಮೂಲೆಮನೆ ಅಕ್ಕಾರು ಬಂದು ಹುಲ್ಲಿನ ಅಂಚಿಗೆ ಒಂದು ಕೊಡ ಇಟ್ಟರು. ಆಮೇಲೆ ಹಿಂದಿನ ಓಣಿಯವರು ಎರಡು. ಹತ್ತು ನಿಮಿಷದಲ್ಲಿ ಹುಲ್ಲಿನ ಸುತ್ತ ದುಂಡಗೆ ಹದಿನೇಳು ಕೊಡ, ತಿರುಗುವ ನೀರು ಒಂದೊಂದಕ್ಕೂ ನಾಲ್ಕು ನಾಲ್ಕು ಹನಿ ಹಾಕಿ ಮುಂದೆ ಹೋಗುತ್ತಿತ್ತು. ಸಾಹೇಬರಿಗೆ ಏನನ್ನಬೇಕು ತಿಳಿಯದೆ ಕೋಲು ಹಿಡಿದು ನಿಂತಿದ್ದರು.

ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಹದಿನೆಂಟನೆಯದನ್ನ ತಂದೆ.