ಸ್ಪಷ್ಟನೆ: ಡಿಎನ್‌ಎಸ್ ಬದಲಾವಣೆ ಮತ್ತು ಆಟದ ಪಿಂಗ್

ರೌಟರ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 (ಗೂಗಲ್‌ನ ಡಿಎನ್‌ಎಸ್) ಎಂದು ಬದಲಿಸಿದರೆ ಆನ್‌ಲೈನ್ ಆಟಗಳ ಪಿಂಗ್ (ಸರ್ವರ್‌ಗೆ ದತ್ತಾಂಶ ಹೋಗಿಬರುವ ಸಮಯ) ಅರ್ಧಕ್ಕಿಳಿಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಹಿಂದೊಮ್ಮೆ ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು. ಡಿಎನ್‌ಎಸ್‌ನ ಕೆಲಸ ಸರ್ವರ್‌ನ ಹೆಸರಿಗೆ ಸಂಖ್ಯಾ ವಿಳಾಸವನ್ನು ಹುಡುಕಿಕೊಡುವುದಷ್ಟೇ. ವಿಳಾಸ ಸಿಕ್ಕ ಬಳಿಕ ಆಟದ ದತ್ತಾಂಶ ಡಿಎನ್‌ಎಸ್ ಮೂಲಕ ಹಾದುಹೋಗುವುದೇ ಇಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ, 3,000 ಕಿ.ಮೀ.ಗೂ ಹೆಚ್ಚು ದೂರದ ಸಿಂಗಪುರದ ಸರ್ವರ್‌ಗೆ ಬೆಂಗಳೂರಿನಿಂದ ಹೋಗಿಬರಲು ಕನಿಷ್ಠ 30 ಮಿಲಿಸೆಕೆಂಡ್ ಬೇಕೇ ಬೇಕು. ಅದನ್ನು ಯಾವ ಸೆಟ್ಟಿಂಗೂ ತಗ್ಗಿಸಲಾರದು. ಲಾಗಿನ್ ಹಂತದಲ್ಲೇ ಸರ್ವರ್ ಸಿಗದಿದ್ದಾಗ ಡಿಎನ್‌ಎಸ್ ಬದಲಾವಣೆ ನೆರವಾಗಬಹುದು. ಆಟ ತಡವರಿಸುತ್ತಿದ್ದರೆ ಮೊದಲು ಕಂಪ್ಯೂಟರ್‌ನಿಂದ ರೌಟರ್‌ಗೇ ಪಿಂಗ್ ಮಾಡಿ (ping ಆಜ್ಞೆಯಿಂದ ಹೋಗಿಬರುವ ಸಮಯ ಅಳೆಯಿರಿ). ಅಲ್ಲಿಯೇ ಅಂಕಿಗಳು ಏರಿಳಿದರೆ ದೋಷ ಬಹುತೇಕ ಮನೆಯ ವೈಫೈಯದ್ದು, ಕೇಬಲ್ ಜೋಡಿಸಿ ನೋಡಿ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.